ದುಭಾಷಿಯ ಬುಧವಾರಗಳು

ನಮ್ಮ ಬಣ್ಣದ ಕಂಪನಿಯ ಖರೀದಿ ವಿಭಾಗದವರು ಒಂದು ಜೊತೆ ಚಪ್ಪಲಿ ಕೊಳ್ಳಲು ಹೋದರೆ ಎಡಗಾಲಿನದನ್ನು ಒಂದು ಅಂಗಡಿಯಲ್ಲಿ, ಬಲಗಾಲಿನದನ್ನು ಎದುರಿನ ಅಂಗಡಿಯಲ್ಲಿ ಕೊಂಡು, ಎರಡರಲ್ಲೂ ರಿಯಾಯಿತಿ ಸಿಕ್ಕಿತೆಂದು ಎದೆಯುಬ್ಬಿಸಿ ಕುಂಟುತ್ತಾ ಬರುವ ಪೈಕಿ. ಹೀಗಾಗಿ ಮುಖ್ಯ ಕಚೇರಿಯನ್ನು ಊರೂರಿನ ಗೋದಾಮುಗಳಿಗೆ ಸೇರಿಸುವ ನೆಟ್‌ವರ್ಕ್ ಡಬ್ಬಗಳಲ್ಲಿ ಒಂದೇ ತಾಯಿ ಹೆತ್ತವು ಎರಡಿರಲಿಲ್ಲ. ಆ ವರ್ಷ ಯಾವ ಕಂಪನಿ ಅಗ್ಗವೋ ಆ ಕಂಪನಿಯ ಡಬ್ಬ ಬಂದು ಕೂರುತ್ತಿತ್ತು.

ಡಬ್ಬ ಎಂದರೆ ಬೇರೇನಲ್ಲ, ಮುಂದುಗಡೆ ಹಸಿರು ದೀಪ ಮಿಣುಕಿಸುವ ಒಂದು ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಬಿಲ್ಲು, ಲೆಕ್ಕ, ಟೆಲಿಫೋನಿನ ಮಾತು ಎಲ್ಲವೂ ಅದರ ಹೊಟ್ಟೆಯೊಳಗಿಂದಲೇ ಹಾದುಹೋಗಬೇಕು. ಅದಕ್ಕೆ ಕೆಲಸ ಹೇಳಲು ಗುಂಡಿಯಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಅಕ್ಷರ ಕುಟ್ಟಿ ಅಪ್ಪಣೆ ಕೊಡಬೇಕು. ಅಪ್ಪಣೆಯಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೆ ಆ ಜಾಗದ ಕೆಳಗೊಂದು ಪುಟ್ಟ ಟೋಪಿಯ ಗುರುತು ತೋರಿಸಿ ಡಬ್ಬ ಸುಮ್ಮನಾಗುತ್ತದೆ. ತಪ್ಪು ಏನೆಂದು ಬಾಯಿಬಿಟ್ಟು ಹೇಳುವುದು ಅದರ ಘನತೆಗೆ ಕಡಿಮೆ.

ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಕೊಟ್ಟ ಅಪ್ಪಣೆಯನ್ನು ವಾಪಸು ಪಡೆಯಬೇಕಾದರೆ ಮೊದಲ ಕಂಪನಿಯ ಡಬ್ಬಕ್ಕೆ ‘ನೋ’ ಎನ್ನಬೇಕು, ಎರಡನೆಯದಕ್ಕೆ ‘ಡಿಲೀಟ್’ ಎನ್ನಬೇಕು, ಮೂರನೆಯದಕ್ಕೆ ‘ಅನ್‌ಡು’. ನಾಲ್ಕನೆಯದಕ್ಕೆ ಕೆಲವು ಕಡೆ ಒಂದು, ಕೆಲವು ಕಡೆ ಇನ್ನೊಂದು. ಅದನ್ನು ಮಾಡಿದ ಕಂಪನಿಯಲ್ಲೇ ಅಣ್ಣತಮ್ಮಂದಿರು ಪಾಲಾಗಿ ಬೇರೆಬೇರೆ ಕೋಣೆಯಲ್ಲಿ ಕೂತು ಬರೆದಿದ್ದರೋ ಏನೋ. ಒಂದು ತನ್ನ ಮುಖದಲ್ಲಿರುವ ತಂತಿ ಸಿಕ್ಕಿಸುವ ತೂತುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಪಕ್ಕದ್ದು ಒಂದರಿಂದ. ‘ಎಕ್ಸಿಟ್’ ಎಂದರೆ ಒಂದು ಮರ್ಯಾದೆಯಿಂದ ಒಂದು ಮೆಟ್ಟಿಲು ಕೆಳಗಿಳಿಸುತ್ತದೆ, ಇನ್ನೊಂದು ಕತ್ತು ಹಿಡಿದು ಬೀದಿಗೆ ದಬ್ಬುತ್ತದೆ. ಹಿಂದೆ ಈ ಕೆಲಸದಲ್ಲಿದ್ದವನು ಮೂರನೇ ಕಂಪನಿಯ ಸಹಾಯದ ಪುಟಗಳನ್ನು ಓದಲು ಕೂತಾಗ ಮೀಸೆ ಮೂಡಿರಲಿಲ್ಲವಂತೆ. ಮುಗಿಸಿ ತಲೆಯೆತ್ತಿದರೆ ಅವನ ನಿವೃತ್ತಿ ಭಾಷಣ ನಡೆಯುತ್ತಿತ್ತಂತೆ.

ಅವನ ಜಾಗಕ್ಕೆ ಬಂದವನೇ ನಮ್ಮ ದುಭಾಷಿ. ಹೆಸರಿಟ್ಟವರು ನಾವು, ರವಾನೆ ವಿಭಾಗದವರು. ನನ್ನ ಮೇಜಿಗೂ ಅವನ ಯಂತ್ರದ ಕೋಣೆಗೂ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ. ಕಡ್ಡಿಯಂಥ ಆಳು, ತಂಪು ಗಾಳಿಯ ಆ ಕೋಣೆಯಲ್ಲಿ ಬೇಸಿಗೆಯಲ್ಲೂ ಸ್ವೆಟರು ತೊಟ್ಟು ಕೂತಿರುತ್ತಿದ್ದ. ನಾಲ್ಕು ಕಂಪನಿಯ ಭಾಷೆಯೂ ನೀರು ಕುಡಿದಂತೆ ಬರುತ್ತಿತ್ತು. ಒಂದು ಡಬ್ಬದಿಂದ ಇನ್ನೊಂದಕ್ಕೆ ಹಾರುವಾಗ ಅವನ ಮುಖಭಾವವೂ ಬದಲಾಗುತ್ತಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ: ಒಂದರ ಮುಂದೆ ಗುಮಾಸ್ತ, ಒಂದರ ಮುಂದೆ ದೊರೆ, ಒಂದರ ಮುಂದೆ ಬೈಸಿಕೊಂಡ ಅಳಿಯ. ಮನುಷ್ಯರ ಮುಂದೆ ಬಂದರೆ ಮಾತ್ರ ಯಾವ ಮುಖ ಹಾಕಿಕೊಳ್ಳಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದ. ಮದುವೆಯ ಮಾತು ಬಂದಾಗಲೆಲ್ಲ ಎಲ್ಲೋ ಒಂದು ಡಬ್ಬ ಕೆಟ್ಟು ಕೂತಿರುತ್ತಿತ್ತು. ಆ ಕಡೆ ಓಡುತ್ತಿದ್ದ. ಹಾಗೇ ಕೂದಲು ನೆರೆಯಿತು.

ಮನೆಯಲ್ಲಿ ಅಕ್ಕ ಇದ್ದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅಕ್ಕ ರವಿಕೆ, ಪರದೆ, ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಆಕೆ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದುದರಿಂದ ಇವನಿಗೆ ‘ಹೂಂ’ ಒಂದರಲ್ಲೇ ಜೀವನ ಸಾಗುತ್ತಿತ್ತು. ಒಂದು ಮಳೆಗಾಲ ಜ್ವರ ಬಂದು, ಎದೆಗಿಳಿದು, ಆಕೆ ಹೋಗಿಬಿಟ್ಟಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿದ. ಸಂಜೆ ಮನೆಗೆ ಹೋದಾಗ ಅಭ್ಯಾಸ ಬಲದಿಂದ ಕರೆಗಂಟೆ ಒತ್ತಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಜೇಬಿನಿಂದ ಬೀಗದ ಕೈ ತೆಗೆಯುತ್ತಿದ್ದನಂತೆ. ಇದನ್ನು ಹೇಳಿದವಳು ಅವನ ಕೆಳಮನೆಯ ಹೆಂಗಸು. ಮೊದಮೊದಲು ನಗು ಬರ್ತಿತ್ತು, ಆಮೇಲೆ ಆ ಗಂಟೆ ಕೇಳಿದರೆ ನಾನೇ ಮೇಲೆ ಹೋಗಿ ಬಾಗಿಲು ತೆಗೆಯೋಣ ಅನ್ನಿಸ್ತಿತ್ತು ಅಂದಳು.

ಅಕ್ಕ ಹೋದ ಮೇಲೆ ಅವನ ಪಾಲಿಗೆ ಉಳಿದದ್ದು ಒಂದೇ ದನಿ. ಅದು ಗೋದಾಮಿನ ಹಿರಿಯನದು.

ಅರ್ಧ ದಿನದ ಬಸ್ಸಿನ ಹಾದಿಯಷ್ಟು ದೂರದ ಊರಲ್ಲಿ ನಮ್ಮ ದೊಡ್ಡ ಗೋದಾಮು. ಅಲ್ಲಿನ ಉಸ್ತುವಾರಿ ಈ ಹಿರಿಯ. ಅವನ ದನಿ ಎಂಥದ್ದೆಂದರೆ, ಅವನು ಅಲ್ಲಿ ಕೆಮ್ಮಿದರೆ ಇಲ್ಲಿ ನನ್ನ ಮೇಜಿನ ಮೇಲಿನ ಚಹಾದಲ್ಲಿ ಅಲೆ ಏಳುತ್ತಿತ್ತು. ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಂಟು ಬೆಳೆದದ್ದು ಕಸುಬಿನ ಒಂದು ಪದ್ಧತಿಯಿಂದ.

ದೂರದ ಡಬ್ಬವನ್ನು ರಿಪೇರಿ ಮಾಡುವುದೆಂದರೆ ಕೂತ ಕೊಂಬೆಯನ್ನೇ ಕಡಿಯುವ ಕೆಲಸ. ಅಪ್ಪಣೆ ಹೋಗುವುದೂ ಅದೇ ತಂತಿಯ ಮೇಲೆ, ಅಪ್ಪಣೆ ತಪ್ಪಿದರೆ ಕಡಿದುಹೋಗುವುದೂ ಅದೇ ತಂತಿ. ಕಡಿದುಕೊಂಡ ಮೇಲೆ ಸರಿಪಡಿಸಲು ಅಲ್ಲಿಗೆ ತಲುಪುವ ದಾರಿಯೇ ಇಲ್ಲ. ಆದರೆ ಡಬ್ಬಕ್ಕೆ ಒಂದು ಒಳ್ಳೆಯ ಗುಣವಿದೆ. ಹೊಸದಾಗಿ ಹೇಳಿದ್ದನ್ನು ‘ಉಳಿಸಿಕೋ’ ಎಂದು ಬೇರೆಯಾಗಿ ಹೇಳುವವರೆಗೆ ಅದು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕರೆಂಟು ತೆಗೆದು ಮತ್ತೆ ಕೊಟ್ಟರೆ ಹೊಸದನ್ನು ಮರೆತು ಹಳೆಯ ಸ್ಥಿತಿಗೆ ಏಳುತ್ತದೆ. ಆದ್ದರಿಂದ ದೂರದ ಡಬ್ಬ ಮುಟ್ಟುವಾಗ ಅಲ್ಲೊಬ್ಬರು ಅದರ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರಬೇಕು. ಫೋನಿನಲ್ಲಿ ಇವನ ದನಿ ನಿಂತುಹೋದರೆ, ಕೆಟ್ಟಿತೆಂದು ತಿಳಿದು, ಸ್ವಿಚ್ಚು ಆರಿಸಿ ಮತ್ತೆ ಹಾಕಬೇಕು. ಗೋದಾಮಿನ ಡಬ್ಬ ಇದ್ದದ್ದು ಗೋಡೆಯ ಎತ್ತರದಲ್ಲಿ. ಹಿರಿಯ ಸ್ಟೂಲು ಹತ್ತಿ ನಿಲ್ಲುತ್ತಿದ್ದ. ಬುಧವಾರ ಊಟವಾದ ಮೇಲೆ ಅಲ್ಲಿ ಲಾರಿಗಳ ಗದ್ದಲ ಕಡಿಮೆ, ಆಗ ಈ ಕೆಲಸ.

ಎರಡು ಕೈಯೂ ಕೀಲಿಮಣೆಯ ಮೇಲೆ ಇರಬೇಕಾದ್ದರಿಂದ ದುಭಾಷಿ ಫೋನಿನ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದ. ಹೀಗಾಗಿ ಇಡೀ ರವಾನೆ ವಿಭಾಗ ಈ ಹರಟೆಗೆ ಪುಕ್ಕಟೆ ಶ್ರೋತೃ. ಹಿರಿಯನ ಮಂಡಿನೋವು, ಅವನ ಹೆಂಡತಿ ಮನೆಯ ಬೆಕ್ಕಿನ ಮೇಲೆ ಸಾರಿದ ಯುದ್ಧ, ಅಳಿಯ ಕೊಂಡ ಸ್ಕೂಟರು ಬೆಟ್ಟ ಹತ್ತಲಾರದೆ ಅಳಿಯನ ಹೆಗಲು ಹತ್ತಿದ ಕತೆ, ಎಲ್ಲ ನಮಗೆ ಬಾಯಿಪಾಠ. ದುಭಾಷಿ ಇತ್ತ ಕಟಕಟ ಕುಟ್ಟುತ್ತಾ ‘ಹೂಂ’ ಎನ್ನುತ್ತಿದ್ದ. ಒಮ್ಮೊಮ್ಮೆ ಎರಡು ಮಾತು ತಾನಾಗಿ ಸೇರಿಸುತ್ತಿದ್ದ, ಆವತ್ತು ಗಾಜಿನ ಈಚೆ ನಾವು ಒಬ್ಬರನ್ನೊಬ್ಬರು ತಿವಿಯುತ್ತಿದ್ದೆವು.

ಈಗ ನಿಜಸಂಗತಿ ಹೇಳಬೇಕು. ಅಕ್ಕ ತೀರಿಕೊಳ್ಳುವ ಹೊತ್ತಿಗೆ ಆ ಗೋದಾಮಿನ ಡಬ್ಬದಲ್ಲಿ ಮಾಡುವಂಥ ಕೆಲಸವೇನೂ ಉಳಿದಿರಲಿಲ್ಲ. ಆದರೂ ಬುಧವಾರ ತಪ್ಪಲಿಲ್ಲ. ಕಾರಣವಿಲ್ಲದೆ ಇನ್ನೊಬ್ಬರಿಗೆ ಫೋನ್ ಮಾಡಬಹುದೆಂಬುದು ದುಭಾಷಿಗೆ ಹೊಳೆಯುವಂಥದ್ದಲ್ಲ, ಹೊಳೆದರೂ ಧೈರ್ಯ ಸಾಲದು. ಆದ್ದರಿಂದ ಕೆಲಸ ಹುಟ್ಟಿಸಿದ. ಅದೂ ಅಪಾಯದ ಕೆಲಸವೇ ಆಗಬೇಕು, ಇಲ್ಲದಿದ್ದರೆ ಆ ಕಡೆ ಸ್ವಿಚ್ಚಿನ ಹತ್ತಿರ ಮನುಷ್ಯ ಯಾಕೆ ಬೇಕು? ಮುಖ್ಯ ಲೈನು ಮುಚ್ಚಿ ತೆಗೀಬೇಕು, ಸ್ವಲ್ಪ ನಿಂತಿರಿ ಅನ್ನುತ್ತಿದ್ದ, ಆಮೇಲೆ ಮುಚ್ಚಿದೀನಿ ಅನ್ನುತ್ತಿದ್ದ.

ಸುಳ್ಳನ್ನೂ ಪ್ರಾಮಾಣಿಕವಾಗಿ ಹೇಳುವ ಜಾತಿಯವನು. ಲೈನು ಮುಚ್ಚುತ್ತೇನೆ ಎಂದ ಮೇಲೆ ಮುಚ್ಚುವ ಅಪ್ಪಣೆಯನ್ನು ಟೈಪ್ ಮಾಡಲೇಬೇಕು, ಬರೀ ಕೀಲಿ ಕುಟ್ಟಿ ಸದ್ದು ಮಾಡಿದರೆ ಮೋಸವಾಗುತ್ತದೆಂದು ಅವನ ಲೆಕ್ಕ. ಗೋದಾಮಿನಲ್ಲಿ ಆಗ ಇದ್ದದ್ದು ಎರಡನೇ ಕಂಪನಿಯ ಡಬ್ಬ. ಆ ಕಂಪನಿಯದು ನಿಧಾನದ ಬುದ್ಧಿ: ನೀವು ಏನು ಹೇಳಿದರೂ ಕೇಳಿಸಿಕೊಂಡು ಪಕ್ಕಕ್ಕಿಟ್ಟುಕೊಳ್ಳುತ್ತದೆ, ಕೊನೆಗೆ ‘ಕಮಿಟ್’ ಎಂದರೆ ಮಾತ್ರ ಜಾರಿಗೆ ತರುತ್ತದೆ. ದುಭಾಷಿ ಮುಚ್ಚು ಎಂದು ಬರೆದು, ಹಿರಿಯನ ಕತೆ ಮುಗಿಯುವವರೆಗೆ ಹಾಗೇ ಬಿಟ್ಟು, ಕಮಿಟ್ ಎನ್ನದೆ ಎಲ್ಲವನ್ನೂ ಎಸೆದು ಎದ್ದುಬಿಡುತ್ತಿದ್ದ. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ, ಬುಧವಾರ ಮಾತ್ರ ಕಳೆಯುತ್ತಿತ್ತು.

ಹಾಗಿರುವಾಗ ಖರೀದಿ ವಿಭಾಗಕ್ಕೆ ಮತ್ತೆ ರಿಯಾಯಿತಿಯ ವಾಸನೆ ಬಡಿಯಿತು. ಗೋದಾಮಿನ ಹಳೆ ಡಬ್ಬ ಹೋಗಿ ಮೊದಲ ಕಂಪನಿಯದು ಬಂತು. ಈ ಕಂಪನಿಯದು ದೂರ್ವಾಸರ ಸ್ವಭಾವ. ಎಂಟರ್ ಒತ್ತಿದ ಉಸಿರಿಗೇ ಹೇಳಿದ್ದು ನಡೆದುಹೋಗುತ್ತದೆ, ಕಮಿಟ್ ಗಿಮಿಟ್ ಏನಿಲ್ಲ, ‘ನಿಜವಾಗ್ಲೂನಾ?’ ಅಂತ ಕೂಡ ಕೇಳುವುದಿಲ್ಲ. ಇದು ದುಭಾಷಿಗೆ ಗೊತ್ತಿಲ್ಲವೆ? ಹೊಸ ಡಬ್ಬಕ್ಕೆ ಅಕ್ಷರಾಭ್ಯಾಸ ಮಾಡಿಸಿದವನೇ ಅವನು. ತಲೆಗೆ ಗೊತ್ತಿತ್ತು, ಬೆರಳುಗಳಿಗೆ ಯಾರೂ ಹೇಳಿರಲಿಲ್ಲ.

ಅದರ ಮೊದಲ ಬುಧವಾರ. ಹಿರಿಯ ಕತೆ ಶುರು ಮಾಡಿದ್ದ. ಹೆಂಡತಿ ಬೆಕ್ಕಿನ ಜೊತೆ ರಾಜಿ ಮಾಡಿಕೊಂಡಿದ್ದಾಳೆ, ಈಗ ಇಬ್ಬರೂ ಸೇರಿ ತನ್ನ ಮೇಲೆ ಬಿದ್ದಿದ್ದಾರೆ ಎಂದ. ದುಭಾಷಿ ನಗುತ್ತಲೇ ಬೆರಳಾಡಿಸಿದ. ಬೆರಳಿಗೆ ಬಂದ ಮಾತು ಹೊಸ ಡಬ್ಬದ್ದು, ಬೆರಳಲ್ಲಿದ್ದ ನಂಬಿಕೆ ಹಳೆಯದರದ್ದು. ಲೈನು ಮುಚ್ಚು ಎಂದು ಕುಟ್ಟಿ ಎಂಟರ್ ಒತ್ತಿದ.

“ಇನ್ನೊಂದು ಕೇಳು, ನಿನ್ನೆ ನಮ್ಮಳಿಯ ಬಂದು…” ಎಂದ ಹಿರಿಯನ ದನಿ ಅಲ್ಲಿಗೇ ತುಂಡಾಯಿತು.

ಗಾಜಿನ ಈಚೆ ನಾವೆಲ್ಲ ಅಳಿಯ ಬಂದು ಏನು ಮಾಡಿದನೆಂದು ಕಿವಿ ನಿಗುರಿಸಿ ಕೂತೆವು. ಏನೂ ಬರಲಿಲ್ಲ. ದುಭಾಷಿ ಪರದೆ ನೋಡಿದ, ಫೋನು ನೋಡಿದ. ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ, ಪೂರ್ತಿ ಏಳಲೂ ಇಲ್ಲ, ಕೂರಲೂ ಇಲ್ಲ. ಅಷ್ಟು ಹೊತ್ತಿಗೆ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಗೋದಾಮಿನ ಬಿಲ್ಲುಗಳೂ ನಿಂತವು.

ಗಾಬರಿಯಾಗಬೇಕಾದ್ದೇನಿಲ್ಲ. ಇಂಥದ್ದಕ್ಕೇ ಅಲ್ಲವೆ ಸ್ಟೂಲಿನ ಮೇಲೆ ಹಿರಿಯ ನಿಂತಿರುವುದು? ದನಿ ನಿಂತಿತು, ಈಗ ಸ್ವಿಚ್ಚು ಆರಿಸುತ್ತಾನೆ, ಹಾಕುತ್ತಾನೆ, ಡಬ್ಬ ಮೈಮುರಿದು ಏಳುತ್ತದೆ. ದುಭಾಷಿ ಕಾದ. ಡಬ್ಬ ಏಳುವ ಹೊತ್ತು ಕಳೆಯಿತು. ಏಳಲಿಲ್ಲ. ಇನ್ನೂ ಕಾದ. ಅಷ್ಟರಲ್ಲಿ ಒಂದು ಗೋಡೆಗೆ ಬಣ್ಣ ಬಳಿದು, ಒಣಗಿಸಿ, ಎರಡನೇ ಕೈ ಬಳಿದು, ಆ ಬಣ್ಣ ಬೇಡವೆಂದು ಹೆಂಡತಿಯೊಡನೆ ಜಗಳವನ್ನೂ ಮುಗಿಸಬಹುದಿತ್ತು.

ಬೇರೆ ದಾರಿಯಿಂದ ಕರೆಯೋಣವೆಂದರೆ ದಾರಿಯಿಲ್ಲ. ಗೋದಾಮಿನ ತುಂಬ ಬಣ್ಣ, ಬಣ್ಣ ತೆಳುಮಾಡುವ ಥಿನ್ನರ್. ಬೆಂಕಿಯ ಭಯಕ್ಕೆ ಮೊಬೈಲುಗಳನ್ನೆಲ್ಲ ಹೊರಗಿನ ಪೆಟ್ಟಿಗೆಯಲ್ಲಿ ಆರಿಸಿಟ್ಟು ಒಳಹೋಗಬೇಕು. ಗೇಟಿನ ಫೋನೂ ಅದೇ ಡಬ್ಬದಿಂದ ಹಾದದ್ದು. ಮೇಲಾಗಿ, ಇಷ್ಟು ವರ್ಷ ಮಾತಾಡಿದರೂ ಹಿರಿಯನ ಸ್ವಂತ ನಂಬರು ದುಭಾಷಿಯ ಬಳಿ ಇರಲಿಲ್ಲ. ಕೇಳಬೇಕಾದರೆ ಕಾರಣ ಹೇಳಬೇಕಲ್ಲ.

ಅವನು ಗಾಜಿಗೆ ಹಣೆ ಹಚ್ಚಿ ನನ್ನ ಕಡೆ ನೋಡಿದ. ನಾನು ಎದ್ದು ಒಳಗೆ ಹೋದೆ.

“ಅವರು ಸ್ಟೂಲಿಂದ ಬಿದ್ದಿದ್ರೆ?” ಅಂದ.

ಬಿಲ್ಲು, ಲಾರಿ, ತನ್ನ ಕೆಲಸ, ಯಾವುದೂ ಆ ತಲೆಯಲ್ಲಿರಲಿಲ್ಲ. ಮಂಡಿ ನೋಯುವ ಮುದುಕನನ್ನು ಇಲ್ಲದ ಕೆಲಸಕ್ಕೆ ಪ್ರತಿ ವಾರ ಸ್ಟೂಲು ಹತ್ತಿಸಿದ್ದೇನೆ, ಇವತ್ತು ಕೊಂದೂಬಿಟ್ಟಿದ್ದೇನೆ ಎಂದು ಅವನು ತೀರ್ಮಾನಿಸಿಯಾಗಿತ್ತು. ಮೊದಲ ಸಲ ಎಲ್ಲವನ್ನೂ ಬಾಯಿಬಿಟ್ಟದ್ದು ಆಗಲೇ: ಬುಧವಾರಗಳ ಸುಳ್ಳು, ಎಸೆದ ಅಪ್ಪಣೆಗಳು, ಅಕ್ಕ ಹೋದ ಮೇಲಿನ ಮನೆ. ಒಂದೇ ಉಸಿರಿಗೆ, ಪೂರ್ಣವಿರಾಮವಿಲ್ಲದೆ ಹೇಳಿದ. ಏನಾಗಲ್ಲ ಬಿಡು ಎಂದೆ. ಅಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಅದನ್ನೇ, ಯಾರೂ ನಂಬದಿರುವುದೂ ಅದನ್ನೇ.

ಆಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಡಬ್ಬ ಎದ್ದಿತ್ತು. ಸ್ವಲ್ಪ ಹೊತ್ತಿಗೆ ಫೋನೂ ಬಡಿದುಕೊಂಡಿತು. ಹಿರಿಯ ಏದುಸಿರು ಬಿಡುತ್ತಿದ್ದ.

“ಬಂತೇನಯ್ಯ?”

“ಬಂತು. ನಿಮಗೇನೂ ಆಗಿಲ್ವಲ್ಲ?”

“ನಂಗೇನಾಗುತ್ತೆ? ಆ ಹಾಳು ಸ್ಟೂಲನ್ನ ಯಾರೋ ಹಿಂದ್ಗಡೆ ಮಳಿಗೆಗೆ ಒಯ್ದಿದ್ರು, ಹುಡ್ಕಿ ತರೋಷ್ಟರಲ್ಲಿ ಪ್ರಾಣ ಹೋಯ್ತು.”

ದುಭಾಷಿಗೆ ಅರ್ಥವಾಗಲಿಲ್ಲ. ನೀವು ಅದರ ಮೇಲೇ ನಿಂತಿದ್ದಿರಲ್ಲ ಎಂದ. ಆ ಕಡೆ ದೊಡ್ಡ ಕೆಮ್ಮು ಕೇಳಿಸಿತು.

“ನಾನು ಸ್ಟೂಲು ಹತ್ತಿ ಎಷ್ಟು ಕಾಲ ಆಯ್ತೋ ಮಾರಾಯ. ಕುರ್ಚೀಲಿ ಕಾಲು ಚಾಚ್ಕೊಂಡು ಮಾತಾಡ್ತಿದ್ದೆ. ಲೈನು ಮುಚ್ಚಿದೀನಿ, ಮುಚ್ಚಿದೀನಿ ಅಂತ ನೀನು ಅದೇ ಲೈನಲ್ಲಿ ಹೇಳ್ತಿದ್ದೆ. ಮುಚ್ಚಿದ್ರೆ ನಿನ್ ಮಾತು ನಂಗೆ ಹೆಂಗೆ ಕೇಳ್ಸುತ್ತೆ?”

ಗಾಜಿನ ಈಚೆ ಯಾರೋ ಕಿಸಕ್ಕೆಂದರು. ನಾಲ್ಕು ಭಾಷೆಯ ಪಂಡಿತನಿಗೆ ಈ ಪ್ರಶ್ನೆ ಯಾವ ಭಾಷೆಯಲ್ಲೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ದುಭಾಷಿ ಮಾತ್ರ ನಗಲಿಲ್ಲ.

“ಗೊತ್ತಿದ್ದೂ ಯಾಕೆ ಫೋನ್ ಎತ್ತುತ್ತಿದ್ರಿ?”

ಹಿರಿಯ ಹೇಳಿದ, ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾವು ಹಿಂದೆ ಕೇಳಿರಲಿಲ್ಲ. “ನಿಮ್ಮಕ್ಕ ಹೋದ್ಮೇಲೆ ನೀನು ಒಬ್ನೇ ಅಲ್ವೇನಯ್ಯ. ಪಾಪ, ಮಾತಾಡ್ಲಿ ಅಂತ.”

ದುಭಾಷಿ ಸ್ಪೀಕರ್ ಆರಿಸಿದ. ಸ್ವೆಟರಿನ ತೋಳನ್ನು ಬೆರಳವರೆಗೆ ಎಳೆದುಕೊಂಡು ಕೂತ.

ಆವತ್ತೇ ಮೇಲಿನಿಂದ ಮ್ಯಾನೇಜರಮ್ಮ ಬಂದರು. ಕೆಟ್ಟವರಲ್ಲ, ಕೇಳಬೇಕಾದ್ದನ್ನೇ ಕೇಳಿದರು. ಹೊಸ ಡಬ್ಬಕ್ಕೆ ‘ಇಷ್ಟು ಹೊತ್ತಿಗೆ ನಾನು ಬೇಡವೆನ್ನದಿದ್ದರೆ ನೀನೇ ಆರಿ ಎದ್ದುಕೋ’ ಎಂದು ಮೊದಲೇ ಹೇಳಿಟ್ಟು ಕೆಲಸ ಶುರು ಮಾಡಬಹುದಲ್ಲ, ಸ್ವಿಚ್ಚಿನ ಹತ್ತಿರ ಮನುಷ್ಯ ಯಾಕೆ ಬೇಕು? ಅದು ಈ ಕಸುಬಿನ ಎಲ್ಲರಿಗೂ ಗೊತ್ತಿರುವ ಉಪಾಯವಂತೆ, ದುಭಾಷಿಗೂ ಗೊತ್ತಿತ್ತಂತೆ. ಹೌದು ಮೇಡಂ ಎಂದ. ಇನ್ನು ಮುಂದೆ ಹಾಗೇ ಮಾಡಿ, ಗೋದಾಮಿನವರನ್ನು ಸ್ಟೂಲು ಹತ್ತಿಸಬೇಡಿ ಎಂದರು. ಅಲ್ಲಿಗೆ ಬುಧವಾರ ಮುಗಿಯಿತು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ‘ಪಾಪ’ ಎಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ತಾನು ಕದ್ದು ತಿನ್ನುತ್ತಿದ್ದೇನೆಂದುಕೊಂಡದ್ದನ್ನು ಅವರು ತಾವಾಗಿ ಬಡಿಸುತ್ತಿದ್ದರೆಂದು ತಿಳಿದರೆ ತಿಂದವನಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಮುಂದಿನ ಬುಧವಾರಗಳಲ್ಲಿ ಊಟದ ಡಬ್ಬಿ ಬಿಚ್ಚಿ, ಗೋಡೆಗೆ ಮುಖ ಮಾಡಿ, ಬೇಗಬೇಗ ಉಂಡು ಮುಗಿಸುತ್ತಿದ್ದ. ಮುಗಿಸಿ ಮಾಡುವುದಕ್ಕೇನೂ ಇರುತ್ತಿರಲಿಲ್ಲ. ಯಂತ್ರಗಳ ಗುಂಯ್ ಎನ್ನುವ ಸದ್ದು ಮೊದಲೂ ಇತ್ತು, ನಮಗೆ ಕೇಳಿಸತೊಡಗಿದ್ದು ಆಗ. ನಾವು ಒಬ್ಬೊಬ್ಬರಾಗಿ ಹೋಗಿ ಮಾತಾಡಿಸಲು ನೋಡಿದೆವು. ಪ್ರಶ್ನೆಗೆ ಎಷ್ಟು ಬೇಕೋ ಅಷ್ಟೇ ಉತ್ತರ ಕೊಡುತ್ತಿದ್ದ, ಅವನ ಡಬ್ಬಗಳ ಹಾಗೆ.

ಲಾರಿಗಳ ವಿಚಾರಕ್ಕೆ ಹಿರಿಯನೂ ನಾನೂ ದಿನಾ ಮಾತಾಡುವವರೇ. ಒಂದು ದಿನ ಅವನು ಲಾರಿ ನಂಬರು ಬರೆಸುತ್ತಾ ಬರೆಸುತ್ತಾ, ನಿಮ್ಮ ದುಭಾಷಿ ಬದುಕಿದಾನೋ ಇಲ್ವೋ ಎಂದ. ಬದುಕಿದ್ದಾನೆ, ಆದರೆ ಲೈನು ಮುಚ್ಚಿಕೊಂಡಿದ್ದಾನೆ ಎಂದೆ. ಅದಕ್ಕೆ ಹಿರಿಯ, ನಾನು ಅವತ್ತು ಪಾಪ ಅಂತ ಬಾಯಿ ಜಾರಬಾರದಿತ್ತು, ನಿಜಕ್ಕೂ ಆ ಹಾಳು ಬುಧವಾರ ಈಗ ನಂಗೂ ಕಳೆಯೋದಿಲ್ಲ ಎಂದ. ಕಳೆಯೋದಿಲ್ಲ ಅನ್ನೋದನ್ನ ಅವನಿಗೇ ಹೇಳಬಾರದಾ ಎಂದೆ. ಬೈಯ್ಯೋದಾದ್ರೆ ಫೋನಲ್ಲಿ ಬೈಯ್ತೀನಯ್ಯ, ಇಂಥದ್ದನ್ನೆಲ್ಲ ಫೋನಲ್ಲಿ ಹೇಳಕ್ಕೆ ನಂಗೆ ಬರಲ್ಲ, ಮುಂದಿನ ಬುಧವಾರ ರಜಾ ಹಾಕ್ತೀನಿ, ಮನೆಗೇ ಬರೋಕೆ ಹೇಳು ಎಂದ. ವಿಳಾಸ ಕೊಟ್ಟ.

ನಾನು ಹೋಗಿ ದುಭಾಷಿಗೆ ಹೇಳಿದೆ.

“ಏನು ಕೆಟ್ಟಿದೆಯಂತೆ?” ಅಂದ.

“ಏನೂ ಕೆಟ್ಟಿಲ್ಲ. ಸುಮ್ನೆ ಬರಬೇಕಂತೆ.”

“ಸುಮ್ನೆ ಅಂದ್ರೆ?”

ಮತ್ತೆ ಪಾಪ ಅಂತನಾ ಎಂದು ಕೇಳಿದ. ಅವರಿಗೂ ಬುಧವಾರ ಕಳೆಯುತ್ತಿಲ್ಲವಂತೆ ಎಂದೆ. ಅದನ್ನು ಬಹಳ ಹೊತ್ತು ತಲೆಯಲ್ಲೇ ತಿರುಗಿಸಿ ನೋಡಿದ, ಎಲ್ಲಿಯಾದರೂ ಟೋಪಿಯ ಗುರುತು ಬೀಳುತ್ತದೋ ಎಂಬಂತೆ. ಮರುದಿನ ಗಾಜಿನ ಗೋಡೆ ದಾಟಿ ತಾನಾಗಿ ನನ್ನ ಮೇಜಿಗೆ ಬಂದ. ಅವನು ಆ ಗೋಡೆ ದಾಟಿ ಬಂದದ್ದು ಬೆಂಕಿ ಗಂಟೆ ಹೊಡೆದಾಗ ಬಿಟ್ಟರೆ ಅದೇ ಮೊದಲು. ಒಬ್ಬರ ಮನೆಗೆ ಹೋಗುವಾಗ ಕೈಯಲ್ಲಿ ಏನು ಒಯ್ಯುತ್ತಾರೆ ಎಂದು ಕೇಳಿದ. ಹಣ್ಣು ಎಂದೆ. ಯಾವ ಹಣ್ಣು? ಬಾಗಿಲಲ್ಲೇ ಕೊಡುವುದೋ, ಕೂತ ಮೇಲೆ ಕೊಡುವುದೋ? ಅವರ ಕೈಗೋ, ಅವರ ಹೆಂಡತಿಯ ಕೈಗೋ? ಕೊಡುವಾಗ ಏನಾದರೂ ಹೇಳಬೇಕೋ? ಎದ್ದು ಹೊರಡುವುದು ಯಾವಾಗ, ಅದನ್ನು ಅವರು ಹೇಳುತ್ತಾರೋ ತಾನು ಹೇಳಬೇಕೋ?

ಎಲ್ಲ ಮನೆಗೂ ಒಂದೇ ರೀತಿ ಇರುತ್ತದೆಯೇ ಎಂದೂ ಕೇಳಿದ. ನಾನು ನಗಲು ಹೋಗಿ ನಗಲಾರದೆ, ಇಲ್ಲಪ್ಪ, ಮನೆಮನೆಗೂ ಬೇರೆ ಎಂದೆ. ತಲೆಯಾಡಿಸಿದ. ಇಷ್ಟಾದರೂ ಈ ಲೋಕದಲ್ಲಿ ತನಗೆ ಪರಿಚಯವಿದ್ದ ಸಂಗತಿ ಎಂಬಂತಿತ್ತು ಆ ಮುಖ.

ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಒಬ್ಬನೇ ಬಿಟ್ಟರೆ ಬಸ್ಸನ್ನು ಕಳಿಸಿಕೊಟ್ಟು ತಾನು ಆಫೀಸಿಗೆ ಬಂದುಬಿಡುತ್ತಾನೆಂಬ ಅನುಮಾನ. ಇಸ್ತ್ರಿಯ ಗೆರೆ ಬೆರಳು ಕುಯ್ಯುವಷ್ಟು ಹರಿತವಿದ್ದ ಅಂಗಿ ಹಾಕಿದ್ದ. ಸ್ವೆಟರು ಇರಲಿಲ್ಲ. ಚೀಲದಲ್ಲಿ ಕಿತ್ತಳೆ ಎಷ್ಟಿತ್ತೆಂದರೆ, ಹಿರಿಯನ ಮನೆಯವರು ಮುಗಿಸಿ, ಬೀದಿಯವರು ಮುಗಿಸಿ, ಉಳಿದದ್ದನ್ನು ಗೋದಾಮಿನಲ್ಲಿ ದಾಸ್ತಾನು ಮಾಡಬೇಕಾಗಿತ್ತು. ಒಂದಕ್ಕೊಂದು ತಾಗಿ ಕೆಡದ ಹಾಗೆ ಎಲ್ಲವನ್ನೂ ಕಾಗದದಲ್ಲಿ ಸುತ್ತಿದ್ದ.

ಕಂಡಕ್ಟರು ಹತ್ತಿ ಹತ್ತಿ ಎಂದು ಬಸ್ಸಿನ ತಗಡು ಬಡಿದ. ದುಭಾಷಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದ.

“ಹೋದ್ ತಕ್ಷಣ ಏನಂತ ಶುರು ಮಾಡ್ಲಿ?”

“ಆವತ್ತು ಅಳಿಯ ಬಂದು ಏನ್ ಮಾಡ್ದ ಅಂತ ಕೇಳು. ನಮ್ಗೂ ತಿಳೀಬೇಕು.”

ಸರಿ ಎಂದು ಒಳಗೆ ಹೋದ. ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡ. ನಾನು ಕೈಯೆತ್ತಿದೆ, ಅವನು ನೋಡಲಿಲ್ಲ. ಮುಂದಿನ ಸೀಟಿನ ಬೆನ್ನನ್ನೇ ದಿಟ್ಟಿಸುತ್ತಿದ್ದ, ತುಟಿ ಆಡುತ್ತಿತ್ತು. ಬಸ್ಸು ತಿರುವು ದಾಟುವವರೆಗೂ ಆಡುತ್ತಲೇ ಇತ್ತು.